ಪ್ಲಾಸ್ಟಿಕ್ ಎರೆಹುಳುವಿಗೆ ಮೀನು ಮರುಳಾಗುವುದೆ?

ಎರೆಹುಳು ಎಂಬ ಹೆಸರನ್ನೊಮ್ಮೆ ಗಮನಿಸಿ. ಕನ್ನಡದಲ್ಲಿ ‘ಎರೆ’ ಎಂಬ ಪದಕ್ಕೆ ಮೀನನ್ನು ಸೆಳೆಯಲು ಗಾಳಕ್ಕೆ ಸಿಕ್ಕಿಸುವ ಆಹಾರ ಎಂಬ ಅರ್ಥವೂ ಇದೆ. ಕೆರೆ ಏರಿಯ ಮೇಲೆ ಕುಳಿತು ಗಾಳ ಹಾಕುವವರಿಗೆ ಈ ಹುಳುವಿನ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೇವದ ಮಣ್ಣನ್ನು ಕೆದಕಿದರೆ ಅದು ಸಿಗುತ್ತದೆ. ಅದಕ್ಕೆ ಕಾಸು ಕೊಡಬೇಕಿಲ್ಲ. ಮೀನಿಗೂ ಅದು ಪ್ರಿಯ. ಅದರ ಬಗ್ಗೆ ಯಾರೂ ಜಾಹೀರಾತು ಕೊಟ್ಟಿಲ್ಲ!

ಆದರೆ ಇದೇ ಹುಳುವಿನ ಪ್ಲಾಸ್ಟಿಕ್ ನಕಲು, ಪ್ಲಾಸ್ಟಿಕ್ ಮರಿಮೀನು, ಪ್ಲಾಸ್ಟಿಕ್ ಕಪ್ಪೆ ಇವೆಲ್ಲ ಅಮೆರಿಕದಲ್ಲಿ ದೊಡ್ಡ ಉದ್ಯಮವಾಗಿ ಬೆಳೆದಿವೆ. 1990ರ ದಶಕದಲ್ಲಿ ಅಲ್ಲಿನ ದೂರದರ್ಶನದಲ್ಲಿ ಇವುಗಳಿಗಾಗಿ ಅರ್ಧ ಗಂಟೆಯ ಜಾಹೀರಾತು ಕಾರ್ಯಕ್ರಮಗಳೇ ಬರುತ್ತಿದ್ದವು. ‘ಬ್ಯಾಂಜೊ ಮಿನ್ನೊ’ ಎಂಬ ಮೃದು ಪ್ಲಾಸ್ಟಿಕ್ ಮೀನಿನ ಜಾಹೀರಾತು ಅವುಗಳಲ್ಲಿ ಪ್ರಸಿದ್ಧವಾದದ್ದು. ಈ ಆಟಿಕೆಯ ಚಲನೆಯು ಬೇಟೆಗಾರ ಮೀನಿನ ವಂಶವಾಹಿಗಳಲ್ಲೇ ಅಡಗಿರುವ ಪ್ರತಿಕ್ರಿಯೆಯನ್ನು ಕೆರಳಿಸುತ್ತದೆ, ಹಸಿವಿಲ್ಲದಿದ್ದರೂ ಮೀನು ಅದನ್ನು ಕಚ್ಚಿಯೇ ತೀರುತ್ತದೆ ಎಂಬುದು ಅದರ ಸಾರಾಂಶ. ಪರದೆಯ ಮೇಲೆ ಒಂದರ ಹಿಂದೊಂದು ಮೀನುಗಳು ಕಚ್ಚುವುದೂ ಕಾಣುತ್ತಿತ್ತು.

ಇದು ನಿಜವೆ? ಮೀನು ಹಿಡಿಯುವ ಹವ್ಯಾಸ ಇಲ್ಲದವರೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಒಂದು ವಸ್ತು ‘ಕೆಲಸ ಮಾಡುತ್ತದೆ’ ಎಂದು ತಿಳಿಯುವುದು ಹೇಗೆ ಎಂಬುದು ವಿಜ್ಞಾನದ ಮೂಲ ಪ್ರಶ್ನೆಗಳಲ್ಲಿ ಒಂದು. ಉತ್ತರಕ್ಕಾಗಿ ಸ್ವಲ್ಪ ಚರಿತ್ರೆಯನ್ನು ತಿರುವಿ ನೋಡೋಣ ಬನ್ನಿ.

ಚಮಚದಿಂದ ಚಾಕೊಲೇಟ್ ಹಾಳೆಯವರೆಗೆ

ಲ್ಯೂರ್ ಎಂದು ಕರೆಯುವ ಕೃತಕ ಎರೆ ಹೊಸದೇನಲ್ಲ. ಗರಿ, ಕೂದಲು, ಮೂಳೆ, ಚಿಪ್ಪುಗಳಿಂದ ಅದನ್ನು ಮಾಡುವುದು ಬಹಳ ಹಳೆಯ ಕಲೆ. ಕಾರ್ಖಾನೆಯ ಸರಕಾಗಿ ಅದರ ಕಥೆ ಆರಂಭವಾಗುವುದು 19ನೆಯ ಶತಮಾನದಲ್ಲಿ. ಅಮೆರಿಕದ ಜೂಲಿಯೊ ಬ್ಯೂಯೆಲ್ ಎಂಬವರು 1852ರಲ್ಲಿ ಚಮಚದ ಆಕಾರದ ಲೋಹದ ಎರೆಗೆ ಪೇಟೆಂಟ್ ಪಡೆದರು. ದೋಣಿಯಲ್ಲಿ ಊಟ ಮಾಡುತ್ತಿದ್ದಾಗ ಅವರ ಚಮಚ ನೀರಿಗೆ ಬಿತ್ತು, ತೊನೆದಾಡುತ್ತ ಮುಳುಗುತ್ತಿದ್ದ ಅದನ್ನು ಮೀನೊಂದು ಹಿಡಿಯಿತು ಎಂಬ ಕಥೆ ಇದೆ. ಕಥೆಯ ಸತ್ಯಾಸತ್ಯ ಹೇಗೇ ಇರಲಿ, ಒಂದು ವಿಷಯವಂತೂ ಸ್ಪಷ್ಟ: ಚಮಚ ಯಾವ ಮೀನಿನ ಹಾಗೂ ಕಾಣುವುದಿಲ್ಲ. ಅದರ ಹೊಳಪು ಮತ್ತು ಚಲನೆ ಮಾತ್ರ ಮೀನನ್ನು ಸೆಳೆಯುತ್ತವೆ.

ಎರಡನೆಯ ಹೆಸರು ಫಿನ್ಲೆಂಡಿನ ಲೌರಿ ರಾಪಾಲಾ. ಇವರು ಸರೋವರದಲ್ಲಿ ಮೀನು ಹಿಡಿದು ಜೀವಿಸುತ್ತಿದ್ದ ಬಡವರು. ದೊಡ್ಡ ಮೀನು ಮರಿಮೀನುಗಳ ಗುಂಪಿಗೆ ನುಗ್ಗಿದಾಗ ಓರೆಯಾಗಿ, ತಡವರಿಸುತ್ತ ಈಜುವ ಮರಿಯನ್ನೇ ಹೆಚ್ಚಾಗಿ ಹಿಡಿಯುವುದನ್ನು ಅವರು ಗಮನಿಸಿದರು. 1936ರಲ್ಲಿ ಕಾರ್ಕ್ ಕೆತ್ತಿ, ಚಾಕೊಲೇಟ್ ಸುತ್ತಿದ ಹೊಳೆಯುವ ಹಾಳೆ ಅಂಟಿಸಿ, ಛಾಯಾಚಿತ್ರದ ನೆಗೆಟಿವ್‌ಗಳನ್ನು ಕರಗಿಸಿ ಮೆರುಗು ಬಳಿದು, ಹಾಗೆ ಓಲಾಡುವ ಎರೆಯೊಂದನ್ನು ಮಾಡಿದರು. ಇದು ಶುದ್ಧ ವೀಕ್ಷಣೆಯಿಂದ ಹುಟ್ಟಿದ ಉಪಕರಣ.

ಅದು ಲೋಕಪ್ರಸಿದ್ಧವಾದ ಬಗೆ ಮಾತ್ರ ಬೇರೆ. 1962ರ ಆಗಸ್ಟ್‌ನಲ್ಲಿ ‘ಲೈಫ್’ ಪತ್ರಿಕೆ ಇದರ ಬಗ್ಗೆ ಲೇಖನ ಪ್ರಕಟಿಸಿತು. ಅದೇ ಸಂಚಿಕೆಯ ಮುಖಪುಟದಲ್ಲಿದ್ದವರು ಆಗಷ್ಟೇ ತೀರಿಕೊಂಡಿದ್ದ ನಟಿ ಮೆರಿಲಿನ್ ಮನ್ರೊ. ಸಂಚಿಕೆ ವಿಪರೀತ ಮಾರಾಟವಾಯಿತು, ರಾಪಾಲಾಗೆ ಬೇಡಿಕೆಯ ಪ್ರವಾಹವೇ ಹರಿಯಿತು. ಆ ಆಗಸ್ಟ್‌ಗೆ ಮೊದಲು ಮತ್ತು ನಂತರ ಎರೆ ಒಂದೇ ಆಗಿತ್ತು, ಮೀನುಗಳೂ ಅವೇ ಆಗಿದ್ದವು. ಬದಲಾದದ್ದು ಮಾರಾಟ ಮಾತ್ರ. ‘ಇಷ್ಟು ಲಕ್ಷ ಮಾರಾಟವಾಗಿದೆ’ ಎಂಬುದು ಗುಣಮಟ್ಟಕ್ಕೆ ಪುರಾವೆಯಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ನಮ್ಮ ನಾಡಿಗೂ ಗಾಳದ ಚರಿತ್ರೆಗೂ ಒಂದು ಎಳೆ ಇದೆ. ಭಾರತದ ಗಾಳದ ಬೇಟೆಯ ಬಗ್ಗೆ ಬ್ರಿಟಿಷರು ಬಹುಕಾಲ ಓದಿದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲಿ. ಬರೆದವರು ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್. ಮುಂದೆ ಕಾವೇರಿಯಲ್ಲಿ ಭಾರಿ ಗಾತ್ರದ ಮಹಶೀರ್ ಹಿಡಿಯಲು ದೇಶವಿದೇಶಗಳಿಂದ ಬಂದವರು ನೆಚ್ಚಿಕೊಂಡದ್ದು ಯಾವುದನ್ನು ಗೊತ್ತೆ? ಬೇಯಿಸಿದ ರಾಗಿ ಹಿಟ್ಟಿನ ಉಂಡೆಯನ್ನು!

ಏಕ್ರನ್ ನಗರದ ಅಂಟು

ಮೃದು ಪ್ಲಾಸ್ಟಿಕ್ ಎರೆಯ ಕಥೆ ನಡೆದದ್ದು ಅಮೆರಿಕದ ಒಹಾಯೊ ರಾಜ್ಯದ ಏಕ್ರನ್‌ನಲ್ಲಿ. ಇದು ಟೈರು ತಯಾರಿಕೆಗೆ ಹೆಸರಾದ ಊರು. 1926ರಲ್ಲಿ ಅಲ್ಲಿನ ಬಿ.ಎಫ್. ಗುಡ್‌ರಿಚ್ ಕಂಪನಿಯ ರಸಾಯನವಿಜ್ಞಾನಿ ವಾಲ್ಡೊ ಸೆಮನ್ ಅವರು ರಬ್ಬರನ್ನು ಲೋಹಕ್ಕೆ ಅಂಟಿಸುವ ಪದಾರ್ಥವನ್ನು ಹುಡುಕುತ್ತಿದ್ದರು. ಪಾಲಿವಿನೈಲ್ ಕ್ಲೋರೈಡ್, ಅಂದರೆ ಪಿವಿಸಿ, ಆಗ ಯಾರಿಗೂ ಬೇಡವಾಗಿದ್ದ ಬಿರುಸಾದ ಪುಡಿ. ಅದನ್ನು ಹೆಚ್ಚಿನ ಕುದಿಬಿಂದುವಿರುವ ದ್ರವದಲ್ಲಿ ಕಾಯಿಸಿದಾಗ ಸಿಕ್ಕಿದ್ದು ಅಂಟಲ್ಲ. ಬಗ್ಗಿಸಿದರೆ ಬಗ್ಗುವ, ಎಳೆದರೆ ಹಿಗ್ಗುವ ಮೆತ್ತನೆಯ ವಸ್ತು.

ಇದರ ಗುಟ್ಟು ಸರಳ. ಪಿವಿಸಿಯ ಉದ್ದನೆಯ ಅಣು ಸರಪಣಿಗಳು ಒಂದನ್ನೊಂದು ಬಲವಾಗಿ ಆಕರ್ಷಿಸುತ್ತವೆ. ಆದ್ದರಿಂದಲೇ ಅದು ಗಡಸು. ಮೃದುಕಾರಿ ದ್ರವದ ಚಿಕ್ಕ ಅಣುಗಳು ಸರಪಣಿಗಳ ನಡುವೆ ಸೇರಿಕೊಂಡಾಗ ಆಕರ್ಷಣೆ ತಗ್ಗಿ, ಸರಪಣಿಗಳು ಒಂದರ ಮೇಲೊಂದು ಜಾರತೊಡಗುತ್ತವೆ. ನಲ್ಲಿಯ ಗಟ್ಟಿ ಪಿವಿಸಿ ಕೊಳವೆಗೂ ವಿದ್ಯುತ್ ತಂತಿಯ ಮೆತ್ತನೆಯ ಹೊದಿಕೆಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ಸೆಮನ್ ಅವರ ಶೋಧದ 23 ವರ್ಷಗಳ ನಂತರ, 1949ರಲ್ಲಿ, ಅದೇ ಏಕ್ರನ್‌ನಲ್ಲಿ ನಿಕ್ ಕ್ರೀಮ್ ಮತ್ತು ಅವರ ಪತ್ನಿ ಕಾಸ್ಮಾ ತಮ್ಮ ಮನೆಯಲ್ಲಿ ನಿಜವಾದ ಎರೆಹುಳುವಿನಿಂದ ಅಚ್ಚು ತೆಗೆದು ಮೃದು ವಿನೈಲಿನ ಹುಳುಗಳನ್ನು ಎರಕ ಹೊಯ್ದರು. ಮೊದಲು ಅಂಚೆಯ ಮೂಲಕ ಮಾರಾಟವಾದ ಈ ಹುಳು ಮುಂದೆ ಟೆಕ್ಸಾಸ್‌ನ ಟೈಲರ್‌ನಲ್ಲಿ ದೊಡ್ಡ ಉದ್ಯಮವಾಯಿತು.

ಈ ಹುಳುವಿಗೆ ಜಾಹೀರಾತು ಹೇಳದ ಕೆಲವು ಅನುಕೂಲಗಳಿದ್ದವು. ಗಾಳದ ಮೊನೆಯನ್ನು ಅದರ ಮೆತ್ತನೆಯ ಮೈಯೊಳಗೇ ಅಡಗಿಸಬಹುದು. ಆಗ ಜೊಂಡು, ಮುಳುಗಿದ ಮರದ ಕೊಂಬೆಗಳ ನಡುವೆಯೂ ಅದು ಸಿಕ್ಕಿಕೊಳ್ಳದೆ ಸಾಗುತ್ತದೆ; ಮೀನು ಕಚ್ಚಿದಾಗ ಮಾತ್ರ ಮೊನೆ ಹೊರಬರುತ್ತದೆ. ದೊಡ್ಡ ಮೀನುಗಳು ಅಡಗುವುದು ಅಂಥ ಜಾಗಗಳಲ್ಲೇ. ಜೊತೆಗೆ, ಬಾಯಿಗೆ ಮೆತ್ತಗೆ ಸಿಗುವ ವಸ್ತುವನ್ನು ಮೀನು ಮರದ ತುಂಡಿನಂತೆ ತಟ್ಟನೆ ಉಗುಳುವುದಿಲ್ಲ. ಅಷ್ಟರಲ್ಲಿ ದಾರ ಎಳೆಯಲು ಸಮಯ ಸಿಗುತ್ತದೆ. ಇವೆರಡೂ ಪದಾರ್ಥದ ಭೌತ ಗುಣಗಳು. ಇವುಗಳಲ್ಲಿ ಯಾವ ಮಾಯೆಯೂ ಇಲ್ಲ.

ಮೀನಿಗೆ ಏನು ಕಾಣುತ್ತದೆ, ಏನು ಕೇಳುತ್ತದೆ?

ಎರೆಯ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಮೀನಿನ ಕಡೆಗೆ ತಿರುಗೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮ್ಯೂನಿಕ್‌ನ ಪ್ರಸಿದ್ಧ ನೇತ್ರತಜ್ಞ ಕಾರ್ಲ್ ಫಾನ್ ಹೆಸ್ ಅವರು ಮೀನುಗಳೆಲ್ಲ ಬಣ್ಣಗುರುಡು ಎಂದು ಸಾರಿದ್ದರು. ಕಾರ್ಲ್ ಫಾನ್ ಫ್ರಿಶ್ ಎಂಬ ಯುವ ವಿಜ್ಞಾನಿ ಇದನ್ನು ಒಪ್ಪಲಿಲ್ಲ. ಅವರು ಮಿನ್ನೊ ಮೀನುಗಳಿಗೆ ನಿರ್ದಿಷ್ಟ ಬಣ್ಣದ ಬಳಿ ಆಹಾರ ಕೊಟ್ಟು ಅಭ್ಯಾಸ ಮಾಡಿಸಿದರು. ನಂತರ ಆಹಾರವಿಲ್ಲದೆ, ಅದೇ ಬಣ್ಣವನ್ನು ಬೂದು ಬಣ್ಣದ ನಾನಾ ಛಾಯೆಗಳ ನಡುವೆ ಇಟ್ಟಾಗಲೂ ಮೀನುಗಳು ಅದನ್ನೇ ಆರಿಸಿಕೊಂಡವು. ಬೂದು ಛಾಯೆಗಳು ಏಕೆ ಬೇಕಿದ್ದವು? ಮೀನು ಬಣ್ಣವನ್ನು ನೋಡದೆ ಕೇವಲ ಹೊಳಪನ್ನು ನೋಡಿರಬಹುದು ಎಂಬ ಆಕ್ಷೇಪಕ್ಕೆ ಅವೇ ಉತ್ತರ. ನಿಯಂತ್ರಿತ ಪ್ರಯೋಗ ಎಂದರೆ ಇದೇ.

1923ರಲ್ಲಿ ಫ್ರಿಶ್ ಇನ್ನೊಂದು ಪ್ರಬಂಧ ಪ್ರಕಟಿಸಿದರು. ಅದು ಶಿಳ್ಳೆ ಹೊಡೆದರೆ ಬರುವ ಬೆಕ್ಕುಮೀನಿನ ಬಗ್ಗೆ! ಕಣ್ಣಿಲ್ಲದ ಆ ಮೀನಿಗೆ ಪ್ರತಿಸಲ ಆಹಾರ ಕೊಡುವ ಮುನ್ನ ಅವರು ಶಿಳ್ಳೆ ಹಾಕುತ್ತಿದ್ದರು. ಕೆಲವೇ ದಿನಗಳಲ್ಲಿ ಬರಿಯ ಶಿಳ್ಳೆಗೇ ಮೀನು ತನ್ನ ಅಡಗುತಾಣದಿಂದ ಹೊರಬಂತು. ಮೀನಿಗೆ ಶಬ್ದ ಕೇಳುತ್ತದೆ ಎಂಬುದು ಹೀಗೆ ಸಿದ್ಧವಾಯಿತು. ಫ್ರಿಶ್ ಅವರ ಶಿಷ್ಯ ಸ್ವೆನ್ ಡೈಕ್‌ಗ್ರಾಫ್ 1930ರ ದಶಕದಲ್ಲಿ ಪಾರ್ಶ್ವರೇಖೆಯ ರಹಸ್ಯವನ್ನು ಬಿಡಿಸಿದರು. ಮೀನಿನ ಎರಡೂ ಪಕ್ಕಗಳಲ್ಲಿ ಕಾಣುವ ಆ ಗೆರೆಯಲ್ಲಿ ನೀರಿನ ಸೂಕ್ಷ್ಮ ಚಲನೆಯನ್ನು ಗ್ರಹಿಸುವ ಅಂಗಗಳಿವೆ. ಅವು ದೂರದಿಂದಲೇ ಮುಟ್ಟಿ ನೋಡುವ ಒಂದು ಬಗೆಯ ಸ್ಪರ್ಶೇಂದ್ರಿಯ. ಮಸ್ಕಲಂಜ್ ಎಂಬ ದೊಡ್ಡ ಬೇಟೆಗಾರ ಮೀನಿನ ಮೇಲೆ ನಡೆದ, 2001ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಕಣ್ಣು ಮುಚ್ಚಿದ ಮೀನು ಕೂಡ ಬೇಟೆ ತೀರ ಹತ್ತಿರ ಬಂದಾಗ ಪಾರ್ಶ್ವರೇಖೆಯ ನೆರವಿನಿಂದಲೇ ಅದನ್ನು ಹಿಡಿಯಿತು. ಎಂದಮೇಲೆ, ಅಲುಗಾಡುವ ಪ್ಲಾಸ್ಟಿಕ್ ಬಾಲ ಮೀನಿಗೆ ‘ತಿಳಿಯುತ್ತದೆ’ ಎಂಬ ಮಾತಿನಲ್ಲಿ ಹುರುಳಿದೆ.

ಬಣ್ಣದ ವಿಷಯ ಹಾಗಲ್ಲ. ಅಂಗಡಿಯ ಗೋಡೆಯ ತುಂಬ ಹತ್ತಾರು ಬಣ್ಣಗಳ ಹುಳುಗಳು ತೂಗಾಡುತ್ತವೆ. ಕೆನಡಾದ ಒಪಿನಿಕನ್ ಸರೋವರದಲ್ಲಿ ಸಂಶೋಧಕರು ಲಾರ್ಜ್‌ಮೌತ್ ಬ್ಯಾಸ್ ಮೀನುಗಳಿಗೆ ಒಂದೇ ಅಳತೆಯ, ವಾಸನೆ ಇಲ್ಲದ ಪ್ಲಾಸ್ಟಿಕ್ ಹುಳುಗಳನ್ನು 6 ಬಣ್ಣಗಳಲ್ಲಿ ಒಡ್ಡಿದರು. ಸಿಕ್ಕಿದ ಮೀನುಗಳು 119. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಷ್ಟೇ ಶ್ರಮಕ್ಕೆ ಸಿಕ್ಕ ಮೀನಿನ ಸಂಖ್ಯೆಯಲ್ಲಿ ಬಣ್ಣಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಗಾಢ ಮತ್ತು ಸಹಜ ಬಣ್ಣಗಳಿಗೆ ಹೋಲಿಸಿದರೆ ಉಜ್ವಲ ಬಣ್ಣಗಳಿಗೆ ಸಿಕ್ಕ ಮೀನುಗಳು ತುಸು ಉದ್ದವಾಗಿದ್ದವು, ಅಷ್ಟೆ. ಇಲಿನಾಯ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಪೂರಕವಾಗಿದೆ. ಈ ಬ್ಯಾಸ್ ಮೀನಿನ ಕಣ್ಣಿನಲ್ಲಿರುವುದು ಎರಡೇ ಬಗೆಯ ಶಂಕುಕೋಶಗಳು. ಅದು ಕೆಂಪು ಮತ್ತು ಹಸಿರನ್ನು ಚೆನ್ನಾಗಿ ಗುರುತಿಸುತ್ತದೆ. ಆದರೆ ಹಳದಿಹಸಿರನ್ನು ಬಿಳಿಯಿಂದ, ಕಡುನೀಲಿಯನ್ನು ಕಪ್ಪಿನಿಂದ ಬೇರೆ ಮಾಡಿ ಕಾಣಲು ತಡವರಿಸುತ್ತದೆ. ಅಂಗಡಿಯ ಗೋಡೆಯ ಮೇಲಿನ ಎಷ್ಟೋ ಬಣ್ಣಗಳು ಮೀನಿಗಾಗಿ ಅಲ್ಲ, ಕೊಳ್ಳುವವರ ಕಣ್ಣಿಗಾಗಿ ಇವೆ!

400 ಪಟ್ಟು ಯಾವುದಕ್ಕೆ?

ಮುಂದಿನದು ವಾಸನೆ. ಬೆಕ್ಕುಮೀನಿನ ಮೀಸೆ ಮತ್ತು ಮೈಮೇಲೆಲ್ಲ ರುಚಿಗ್ರಾಹಕಗಳಿವೆ. ನೀರಿನಲ್ಲಿ ಕರಗಿದ ಅಲ್ಪಪ್ರಮಾಣದ ಅಮೈನೋ ಆಮ್ಲಗಳನ್ನೂ ಅವು ಗುರುತಿಸಬಲ್ಲವು. ಇಲ್ಲಿ ಪ್ಲಾಸ್ಟಿಕ್‌ಗೆ ಒಂದು ಮೂಲಭೂತ ತೊಡಕು ಇದೆ. ಅಮೈನೋ ಆಮ್ಲಗಳು ನೀರಿನಲ್ಲಿ ಕರಗುತ್ತವೆ. ಮೃದು ಪಿವಿಸಿಯೋ ಎಣ್ಣೆಯಂಥ ದ್ರವದಿಂದ ತುಂಬಿದ್ದು. ಎಣ್ಣೆ ಮತ್ತು ನೀರು ಬೆರೆಯವು. ಆದ್ದರಿಂದ ವಾಸನೆ ಹೊರಬರುವುದು ನಿಧಾನ.

ಅಯೊವಾದ ಬರ್ಕ್ಲಿ ಕಂಪನಿ ಈ ಸಮಸ್ಯೆಯನ್ನು ಗಂಭೀರವಾಗಿ ತೆಗೆದುಕೊಂಡಿತು. ಅಲ್ಲಿನ ವಿಜ್ಞಾನಿ ಕೀತ್ ಜೋನ್ಸ್ ಅವರು ತೊಟ್ಟಿಗಳಲ್ಲಿ ಮೀನು ಸಾಕಿ, ಯಾವ ರಾಸಾಯನಿಕವಿದ್ದರೆ ಅದು ಎಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಳ್ಳುತ್ತದೆ ಎಂದು ಅಳೆದರು. 1980ರ ದಶಕದ ಕೊನೆಯಲ್ಲಿ ‘ಪವರ್‌ಬೇಟ್’, ಮುಂದೆ ಪಿವಿಸಿ ಬಳಸದ, ನೀರು ಆಧಾರಿತ ‘ಗಲ್ಪ್’ ಬಂದವು. ಮೊದಲನೆಯದನ್ನು ಮೀನು 18 ಪಟ್ಟು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ ಎಂದೂ ಎರಡನೆಯದು 400 ಪಟ್ಟು ಹೆಚ್ಚು ವಾಸನೆಯನ್ನು ಹರಡುತ್ತದೆ ಎಂದೂ ಜಾಹೀರಾತುಗಳು ಹೇಳಿದವು.

ಈ ಸಂಖ್ಯೆಗಳನ್ನು ವಿಜ್ಞಾನದ ವಿದ್ಯಾರ್ಥಿ ಹೇಗೆ ಓದಬೇಕು? 400 ಪಟ್ಟು ವಾಸನೆ ಎಂದರೆ 400 ಪಟ್ಟು ಮೀನು ಎಂದಲ್ಲ. 18 ಪಟ್ಟು ಹೊತ್ತು ಎಂಬುದು ಕಚ್ಚಿದ ನಂತರದ ಮಾತು. ಕಚ್ಚುವ ಮೀನುಗಳ ಸಂಖ್ಯೆ ಹೆಚ್ಚಿತು ಎಂದು ಅದು ಹೇಳುವುದಿಲ್ಲ. ಅಳೆದದ್ದು ಒಂದನ್ನು, ಓದುವವರ ಮನಸ್ಸಿನಲ್ಲಿ ಮೂಡುವುದು ಇನ್ನೊಂದನ್ನು. ಜಾಹೀರಾತು ಸುಳ್ಳು ಹೇಳದೆಯೂ ದಾರಿ ತಪ್ಪಿಸಬಲ್ಲದು. ಟೂತ್‌ಪೇಸ್ಟ್, ಪೌಷ್ಟಿಕ ಪಾನೀಯ, ಕೂದಲಿನ ಎಣ್ಣೆಗಳ ಜಾಹೀರಾತುಗಳನ್ನು ಇದೇ ಕಣ್ಣಿನಿಂದ ನೋಡಿ.

ಕಚ್ಚಿಯೇ ತೀರುವ ಮೀನು ಇದೆಯೆ?

ವಂಶವಾಹಿಯ ಪ್ರತಿಕ್ರಿಯೆ ಎಂಬ ಮಾತಿಗೂ ಒಂದು ವೈಜ್ಞಾನಿಕ ಮೂಲವಿದೆ. ನಿಕೊ ಟಿನ್‌ಬರ್ಗೆನ್ ಅವರು ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನಿನ ಗಂಡುಗಳಿಗೆ ಒರಟಾದ ಮಾದರಿಗಳನ್ನು ತೋರಿಸಿದರು. ಕೆಳಭಾಗ ಕೆಂಪಾಗಿದ್ದರೆ ಸಾಕು, ಮೀನಿನ ಆಕಾರವೇ ಇಲ್ಲದ ತುಂಡಿನ ಮೇಲೂ ಅವು ಎರಗುತ್ತಿದ್ದವು. ಹುಟ್ಟುಗುಣವನ್ನು ಕೆರಳಿಸುವ ಇಂಥ ಸಂಕೇತಗಳ ಕುರಿತ ಕೆಲಸಕ್ಕಾಗಿ ಟಿನ್‌ಬರ್ಗೆನ್, ಜೇನ್ನೊಣಗಳ ಭಾಷೆಯ ಸಂಶೋಧನೆಗಾಗಿ ನಮ್ಮ ಫ್ರಿಶ್, ಇವರೊಂದಿಗೆ ಕೊನ್ರಾಡ್ ಲೊರೆನ್ಜ್, ಮೂವರೂ 1973ರ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಗೂಡು ಕಾಯುವ ಗಂಡು ಬ್ಯಾಸ್ ಹಸಿವಿಲ್ಲದೆಯೂ ಹತ್ತಿರ ಬಂದ ವಸ್ತುವಿನ ಮೇಲೆ ಎರಗುವುದುಂಟು. ಆದ್ದರಿಂದ ಜಾಹೀರಾತಿನ ಮಾತು ಪೂರ್ತಿ ಬುಡವಿಲ್ಲದ್ದಲ್ಲ.

ಆದರೆ ‘ಕಚ್ಚಿಯೇ ತೀರುತ್ತದೆ’ ಎಂಬ ಭಾಗವನ್ನು ಎರಡು ಸಂಶೋಧನೆಗಳು ಅಲ್ಲಗಳೆಯುತ್ತವೆ.

ಮೊದಲನೆಯದು ನೆದರ್ಲೆಂಡ್ಸ್‌ನದು. ಬ್ಯೂಕೆಮಾ ಅವರು ಪೈಕ್ ಮೀನುಗಳಿಗೆ ಕೃತಕ ಎರೆಯನ್ನೂ ನಿಜವಾದ ಎರೆಯನ್ನೂ ಒಡ್ಡಿ 1970ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೃತಕ ಎರೆಗೆ ಒಮ್ಮೆ ಸಿಕ್ಕಿಬಿದ್ದು ಬಿಡುಗಡೆಯಾದ ಪೈಕ್ ಮತ್ತೆ ಅದರ ಹತ್ತಿರ ಸುಳಿಯುವುದು ಬಹಳ ಕಡಿಮೆಯಾಯಿತು. ನಿಜವಾದ ಎರೆಯ ವಿಷಯದಲ್ಲಿ ಅಂಥ ಎಚ್ಚರಿಕೆ ಕಾಣಲಿಲ್ಲ. ಮೀನು ಕಲಿಯುತ್ತದೆ! ಹೊಸದಾಗಿ ಮಾರುಕಟ್ಟೆಗೆ ಬಂದ ಎರೆ ಮೊದಲು ಚೆನ್ನಾಗಿ ‘ಕೆಲಸ ಮಾಡಿ’ ಬಳಿಕ ಸಪ್ಪೆಯಾಗುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಎರಡನೆಯದು ಇಲಿನಾಯ್‌ನ ರಿಡ್ಜ್ ಸರೋವರದಲ್ಲಿ 1970ರ ದಶಕದಲ್ಲಿ ಆರಂಭವಾದದ್ದು. ಅಲ್ಲಿ ಹಿಡಿದ ಪ್ರತಿಯೊಂದು ಬ್ಯಾಸ್ ಮೀನಿಗೂ ಗುರುತು ಹಾಕಿ ಮತ್ತೆ ನೀರಿಗೆ ಬಿಡುತ್ತಿದ್ದರು. ಒಂದು ಮೀನು ಒಂದೇ ವರ್ಷದಲ್ಲಿ 16 ಸಲ ಸಿಕ್ಕಿಬಿತ್ತು. 1980ರಲ್ಲಿ ಸರೋವರವನ್ನು ಬರಿದು ಮಾಡಿದಾಗ 1,700ಕ್ಕೂ ಹೆಚ್ಚು ಮೀನುಗಳು ದೊರೆತವು. ಅವುಗಳಲ್ಲಿ ಸುಮಾರು 200 ಮೀನುಗಳು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಗಾಳಕ್ಕೆ ಸಿಕ್ಕಿರಲಿಲ್ಲ. ಡೇವಿಡ್ ಫಿಲಿಪ್ ಮತ್ತು ಸಂಗಡಿಗರು ಸುಲಭವಾಗಿ ಸಿಗುವ ಮೀನುಗಳನ್ನೂ ಸಿಗದ ಮೀನುಗಳನ್ನೂ ಬೇರೆ ಬೇರೆಯಾಗಿ ಮೂರು ತಲೆಮಾರು ಬೆಳೆಸಿದರು. ಎರಡು ವಂಶಗಳ ಅಂತರ ಹೆಚ್ಚುತ್ತಲೇ ಹೋಯಿತು. 2009ರಲ್ಲಿ ಪ್ರಕಟವಾದ ತೀರ್ಮಾನ ಇದು: ಗಾಳಕ್ಕೆ ಬೀಳುವ ಗುಣ ಭಾಗಶಃ ಅನುವಂಶೀಯ.

ಇದರ ವ್ಯಂಗ್ಯವನ್ನು ಗಮನಿಸಿ. ಜಾಹೀರಾತು ವಂಶವಾಹಿಯ ಹೆಸರು ಹೇಳಿತು. ನಿಜಕ್ಕೂ ವಂಶವಾಹಿಗಳ ಪಾತ್ರವಿದೆ. ಆದರೆ ಅವು ಎಲ್ಲ ಮೀನುಗಳೂ ಕಚ್ಚುವಂತೆ ಮಾಡುವುದಿಲ್ಲ; ಕೆಲವು ಮೀನು ಕಚ್ಚುವುದಕ್ಕೂ ಕೆಲವು ಕಚ್ಚದಿರುವುದಕ್ಕೂ ಅವು ಒಂದು ಕಾರಣ.

ನಾಣ್ಯ ಚಿಮ್ಮಿ ನೋಡಿ

ಶಿಕ್ಷಕರು ಇಲ್ಲೊಂದು ಚಟುವಟಿಕೆ ಮಾಡಿಸಬಹುದು. ಹೊಸ ಎರೆ ಮತ್ತು ಹಳೆಯ ಎರೆಯನ್ನು ಒಂದೇ ಕೆರೆಯಲ್ಲಿ ಸಮಾನ ಹೊತ್ತು ಬಳಸಿದಿರಿ ಎನ್ನಿ. ಹೊಸದಕ್ಕೆ 6, ಹಳೆಯದಕ್ಕೆ 4 ಮೀನು ಸಿಕ್ಕಿದವು. ಹೊಸದು ಉತ್ತಮ ಎನ್ನಬಹುದೆ? ಎರಡೂ ಎರೆಗಳು ಸಮಾನ ಎಂದಿಟ್ಟುಕೊಂಡು ಪ್ರತಿ ಮೀನಿಗೂ ಒಂದು ನಾಣ್ಯ ಚಿಮ್ಮಿ. 10 ನಾಣ್ಯಗಳಲ್ಲಿ ಸರಿಯಾಗಿ 5 ರಾಜ, 5 ರಾಣಿ ಬೀಳುವ ಸಂಭವನೀಯತೆ 1,024ರಲ್ಲಿ 252, ಅಂದರೆ ಸುಮಾರು 25% ಮಾತ್ರ. ಉಳಿದ 75% ಸಲ 6-4 ಅಥವಾ ಅದಕ್ಕಿಂತ ಹೆಚ್ಚು ಏರುಪೇರು ಬಂದೇ ಬರುತ್ತದೆ. ಹಾಗಾಗಿ 6-4 ಎಂಬ ಫಲಿತಾಂಶ ಏನನ್ನೂ ಸಾಧಿಸುವುದಿಲ್ಲ. 9-1 ಅಥವಾ 10-0 ಬಂದರೆ ಮಾತು ಬೇರೆ. ಅದು ಆಕಸ್ಮಿಕವಾಗಿ ನಡೆಯುವ ಸಂಭವ ಸುಮಾರು 2% ಮಾತ್ರ. ತರಗತಿಯ 40 ಮಕ್ಕಳೂ ಚಿಮ್ಮಿ ಪಟ್ಟಿ ಮಾಡಿದರೆ ಈ ಪಾಠ ಮರೆಯುವುದಿಲ್ಲ.

ದೂರದರ್ಶನದಲ್ಲಿ ಕಾಣುವುದು ಸಿಕ್ಕ ಮೀನು ಮಾತ್ರ. ಎಷ್ಟು ಸಲ ಎಸೆದರು, ಎಷ್ಟು ಗಂಟೆ ಕಾದರು, ಪಕ್ಕದಲ್ಲೇ ಬರಿಯ ಎರೆಹುಳು ಹಾಕಿದ್ದರೆ ಎಷ್ಟು ಸಿಗುತ್ತಿತ್ತು ಎಂಬ ಛೇದ ಅಲ್ಲಿಲ್ಲ. ಛೇದವಿಲ್ಲದ ಭಿನ್ನರಾಶಿಗೆ ಅರ್ಥವಿಲ್ಲ ಎಂದು ನಾವು ಐದನೆಯ ತರಗತಿಯಲ್ಲೇ ಕಲಿತಿದ್ದೇವೆ.

ಕೆರೆಯ ತಳದಲ್ಲಿ ಉಳಿಯುವುದು

ಕೊನೆಯ ಮಾತು ಮೀನಿನದು. ಗಾಳದಿಂದ ಕಳಚಿಬಿದ್ದ ಮೃದು ಪ್ಲಾಸ್ಟಿಕ್ ಎಲ್ಲಿ ಹೋಗುತ್ತದೆ? ಅಮೆರಿಕದ ಮೈನ್ ರಾಜ್ಯದಲ್ಲಿ ಡ್ಯಾನರ್ ಮತ್ತು ಸಂಗಡಿಗರು ಬ್ರೂಕ್ ಟ್ರೌಟ್ ಮೀನುಗಳ ತೊಟ್ಟಿಗೆ ಇಂಥ ಎರೆಗಳನ್ನು ಹಾಕಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಮೀನುಗಳು ಅವನ್ನು ತಾವಾಗಿಯೇ ನುಂಗಿದವು. ಪ್ಲಾಸ್ಟಿಕ್ ಜಠರದಲ್ಲೇ ಉಳಿದ ಮೀನುಗಳು ಆಹಾರದಲ್ಲಿ ಆಸಕ್ತಿ ಕಳೆದುಕೊಂಡು 90 ದಿನಗಳೊಳಗೆ ತೂಕ ಕಳೆದುಕೊಂಡವು. ಈ ಅಧ್ಯಯನ 2009ರಲ್ಲಿ ಪ್ರಕಟವಾಯಿತು. 2014ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದು, ನೀರಿನಲ್ಲಿ ಬಿದ್ದ ಇಂಥ ಎರೆಗಳು ಕರಗುವುದಿರಲಿ, ನೀರು ಹೀರಿ ಇನ್ನಷ್ಟು ಉಬ್ಬುತ್ತವೆ ಎಂದು ತೋರಿಸಿತು. ಇವನ್ನು ನಿಷೇಧಿಸುವ ಮಸೂದೆಯೊಂದು 2013ರಲ್ಲಿ ಮೈನ್ ಶಾಸನಸಭೆಯ ಮುಂದೆ ಬಂತು. ನಿಷೇಧದ ಬದಲು ಹೆಚ್ಚಿನ ಅಧ್ಯಯನಕ್ಕೆ ಸಭೆ ಸೂಚಿಸಿತು.

ಹಾಗಾದರೆ ನಮ್ಮ ಮೊದಲ ಪ್ರಶ್ನೆಗೆ ಉತ್ತರವೇನು? ಮೃದು ಪ್ಲಾಸ್ಟಿಕ್ ಎರೆಗೆ ಮೀನು ಬೀಳುತ್ತದೆ, ಸಂದೇಹವಿಲ್ಲ. ಅದರ ಮೆತ್ತನೆಯ ಮೈ, ಅಲುಗಾಟ, ಗಿಡಗಂಟಿಗಳ ನಡುವೆ ನುಸುಳುವ ಗುಣ ಇವು ಅದಕ್ಕೆ ಕಾರಣ. ಆದರೆ ಯಾವ ಮೀನೂ ತಡೆಯಲಾರದ ಎರೆ ಎಂಬುದು ಇಲ್ಲ. ರಿಡ್ಜ್ ಸರೋವರದ ಆ 200 ಮೀನುಗಳೇ ಇದಕ್ಕೆ ಸಾಕ್ಷಿ. ಇನ್ನು ಮುಂದೆ ಜಾಹೀರಾತೊಂದು ನಿಮ್ಮ ಮುಂದೆ ತೂಗಾಡಿದಾಗ ಅವುಗಳನ್ನು ನೆನಪಿಸಿಕೊಳ್ಳಿ. ಕಚ್ಚುವ ಮುನ್ನ ಒಂದು ಕ್ಷಣ ನಿಂತು ನೋಡುವುದು ಮೀನಿಗೆ ಸಾಧ್ಯವಾದರೆ, ನಮಗೂ ಸಾಧ್ಯವಾಗಬೇಕಲ್ಲವೆ?